ಕಲಿಸದೆ ಬಿಟ್ಟ ಮಾತು

ಜುಲೈ ೧೧, ೧೯೪೨, ಶನಿವಾರ

ಭರತೇಶನ ಸುದ್ದಿ ಬಂದಿದೆ. ನಮ್ಮ ಹಿತ್ತಲಿನಲ್ಲೇ ಕೂತಿದೆ. ಆದರೆ ನನಗೆ ಅದರಲ್ಲಿ ಒಂದಕ್ಷರ ತಿಳಿಯುತ್ತಿಲ್ಲ. ಇಂಥ ಕರ್ಮ ಯಾವ ತಾಯಿಗೂ ಬೇಡ.

ಮಧ್ಯಾಹ್ನ ಖಾನಾವಳಿಯಲ್ಲಿ ಎರಡನೆಯ ಪಂಕ್ತಿ ಕೂತಿತ್ತು. ಸಂತೆಗೆ ಬಂದ ಹುಕ್ಕೇರಿ ಮಂದಿ ರೊಟ್ಟಿ ರೊಟ್ಟಿ ಎಂದು ಕೂಗುತ್ತಿದ್ದರು, ನಾನು ಒಳಗೆ ಬಡಿಯುತ್ತಿದ್ದೆ. ಗಲ್ಲಾದ ಮೇಲೆ ಕೂತಿದ್ದ ಮೈದುನ ಪಾಯಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು, "ವೈನಿ, ಹಂಚ ಇಳಿಸಿ ಹೊರಗ ಬರ್ರಿ" ಎಂದ. ಅವನ ಮೋರೆ ನೋಡಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ಹೊರಗೆ ಟಾಂಗಾ ನಿಂತಿತ್ತು. ಅದರಿಂದ ಒಬ್ಬ ಹೆಣ್ಣುಮಗಳು ಇಳಿದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ, ಚಪ್ಪಟೆ ಮುಖ, ಯಾರೋ ಕೊಟ್ಟ ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದಳು. ಎರಡೂ ಪಾದಕ್ಕೆ ಅರಿವೆ ಕಟ್ಟಿತ್ತು. ಟಾಂಗಾದವ ಹೇಳಿದ, "ಗೋಕಾಕ ರೋಡ್ ಸ್ಟೇಶನ್‌ದಾಗ ಮುಂಜಾನಿಯಿಂದ ಈ ಚೀಟಿ ಹಿಡಕೊಂಡ ಕುಂತಿದ್ಳರಿ. ಸ್ಟೇಶನ್ ಮಾಸ್ತರ ಓದಿ ನನ್ನ ಗಾಡ್ಯಾಗ ಹತ್ತಿಸ್ಯಾರ."

ಚೀಟಿಯಲ್ಲಿ 'ಇಂದ್ರವ್ವ, ಜೈನ ಖಾನಾವಳಿ, ಗೋಕಾಕ' ಎಂದು ಬರೆದಿತ್ತು. ಅಕ್ಷರ ನನ್ನ ಮಗನದು. ಅವನ ಅಪ್ಪ ಸಾಲೆಯಲ್ಲಿ ಬೆತ್ತ ಹಿಡಿದು ತಿದ್ದಿಸಿದ ಅಕ್ಷರ, ಸಾವಿರದಲ್ಲಿ ಇಟ್ಟರೂ ಗುರುತು ಹಿಡಿಯುತ್ತೇನೆ.

ಆರು ವರ್ಷದ ಹಿಂದೆ ನನ್ನೊಡನೆ ಜಗಳಾಡಿ ರಂಗೂನಿಗೆ ಹೋದವನು, ಅಲ್ಲಿ ಅಕ್ಕಿ ವ್ಯಾಪಾರಿಯ ಹತ್ತಿರ ಕಾರಕೂನನಾದ. ಮೂರು ವರ್ಷದ ಹಿಂದೆ ಪತ್ರ ಬರೆದ: ಇಲ್ಲಿಯ ಹುಡುಗಿಯನ್ನು ಲಗ್ನವಾಗಿದ್ದೇನೆ, ಹೆಸರು ಮ ಸೇನ್, ಆಶೀರ್ವಾದ ಮಾಡು. ನಾನು ಆ ಪತ್ರವನ್ನು ಒಲೆಗೆ ಹಾಕಿದೆ. ಉತ್ತರ ಬರೆಯಲಿಲ್ಲ. ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿದ್ದ ಮೇಲೆ ಬರೆದೆ, ಒಂದಲ್ಲ ನಾಲ್ಕು ಬರೆದೆ. ಆಗ ಅಲ್ಲಿ ಟಪಾಲೇ ಇರಲಿಲ್ಲ.

"ಭರತೇಶ ಎಲ್ಲಿ?" ಎಂದು ಕೇಳಿದೆ. ಭರತೇಶ ಎನ್ನುವುದೊಂದು ಅವಳಿಗೆ ತಿಳಿಯಿತು. ನನ್ನ ಎರಡೂ ಕೈ ಹಿಡಿದು ಶುರು ಮಾಡಿದಳು. ಅರ್ಧ ತಾಸು ಹೇಳಿದಳು, ಅಳುತ್ತ ಹೇಳಿದಳು. ಎಲ್ಲವೂ ಅವರ ಬ್ರಹ್ಮದೇಶದ ಮಾತು. ಕಡೆಗೆ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ತೋರಿಸಿದಳು.

ಮಲಗಿದ್ದಾನೆ ಎಂದು ಅರ್ಥ. ಯಾವುದೋ ದವಾಖಾನೆಯಲ್ಲಿ ಮಲಗಿದ್ದಾನೆ. ಪಾಯಪ್ಪ ಮುಖ ತಿರುಗಿಸಿ ಗಲ್ಲಾದ ಕಡೆ ಹೋದ.

ಜುಲೈ ೧೩, ಸೋಮವಾರ

ಮೂಡಲಗಿಯ ಕುರುಬರ ಖಂಡೆಪ್ಪ ಬ್ರಹ್ಮದೇಶದಲ್ಲಿ ಪೋಲೀಸ್ ಪಲ್ಟಣದಲ್ಲಿ ಒಂಬತ್ತು ವರ್ಷ ಇದ್ದವನು, ಅಲ್ಲಿಯ ಮಾತು ನೀರು ಕುಡಿದಂತೆ ಆಡುತ್ತಾನೆ ಎಂದು ಯಾರೋ ಹೇಳಿದರು. ನಿನ್ನೆಯೇ ಆಳು ಕಳಿಸಿದೆ. ಅವನು ಕುರಿ ಹೊಡೆದುಕೊಂಡು ಬಿಜಾಪುರದ ಕಡೆ ಹೋಗಿದ್ದಾನಂತೆ, ದಸರೆಯ ತನಕ ಬರುವುದಿಲ್ಲವಂತೆ. ದಸರೆ! ಅಲ್ಲಿಯ ತನಕ ಈ ಜೀವ ಹಿಡಿದಿಡುವವರು ಯಾರು?

ಕಸಾಯಿ ಓಣಿಯ ಮುದುಕರನ್ನು ಕರೆಸಿ ಮುಸಲ್ಮಾನರ ಮಾತಿನಲ್ಲಿ ಕೇಳಿಸಿದೆ. ಆಕೆಗೆ ಪಾನಿ, ಚಾವಲ್ ಬಿಟ್ಟರೆ ಏನೂ ಬಾರದು. ಮರಾಠಿ ಕೇಳುವುದೇ ಬೇಡ.

ಸರಿ, ನಾನೇ ಕಲಿಸುತ್ತೇನೆ. ಹಾಳಾದ ಕನ್ನಡ ಎಷ್ಟಿದ್ದೀತು? ಎರಡು ತಿಂಗಳಲ್ಲಿ ಕಲಿಸಿ, ನನ್ನ ಮಗ ಯಾವ ಊರಿನ ದವಾಖಾನೆಯಲ್ಲಿದ್ದಾನೆ ಎಂದು ಬಾಯಿ ಬಿಡಿಸುತ್ತೇನೆ.

ಜುಲೈ ೧೭, ಶುಕ್ರವಾರ

ಪಾಯಪ್ಪನ ತಕರಾರು. "ವೈನಿ, ಅವರು ಮೀನ ತಿನ್ನೋ ಮಂದಿ. ನಮ್ಮ ಒಲಿ ಮುಟ್ಟಿದ್ಳಂದ್ರ ಬಸದಿ ಮಂದಿ ಒಬ್ಬರೂ ಪಂಕ್ತಿಗೆ ಕೂಡಂಗಿಲ್ರಿ."

"ಒಲಿ ಯಾಕ ಮುಟ್ಟತಾಳ? ಬಾಗಲದಾಗ ಕುಂತು ಕಾಳ ಹಸನ ಮಾಡ್ತಾಳ. ನೀ ನಿನ್ನ ಗಲ್ಲಾ ನೋಡ್ಕೋ" ಎಂದೆ.

ಹೊಸ್ತಿಲಿನಾಚೆ ಆಕೆ, ಈಚೆ ನಾನು. ಮೊದಲು ಕಲಿತದ್ದು 'ಏನಂತಾರ'. ಅದೊಂದು ಸಿಕ್ಕಿದ್ದೇ ತಡ, ಬೆನ್ನು ಹತ್ತಿದ ಬೇತಾಳ. ಮೊರ ಎತ್ತಿ ಹಿಡಿದು "ಏನಂತಾರ?" ಎನ್ನುತ್ತಾಳೆ. ಬೀಸುವ ಕಲ್ಲು ಬಡಿದು "ಏನಂತಾರ?" ಹಂಚು, ಉಪ್ಪು, ಹೊಗೆ, ಬೂದಿ, ಬೆಂಕಿ. ನಾನು ಅಂದದ್ದನ್ನು ನನ್ನ ಬಾಯಿಯನ್ನೇ ನೋಡುತ್ತ ಐದಾರು ಸಲ ಅಂದು ತಿದ್ದಿಕೊಳ್ಳುತ್ತಾಳೆ. ಊಟಕ್ಕೆ ಕೂತವರಿಗೆಲ್ಲ ಇದೇ ನಗೆ. ಎಲ್ಲರೂ ಕರೆಯುವಂತೆ ನನ್ನನ್ನು "ಇಂದ್ರವ್ವಾ" ಎಂದು ಕೂಗುತ್ತಾಳೆ. ಅತ್ತೆಯ ಹೆಸರು ಹಿಡಿದು ಕೂಗುವ ಸೊಸೆ! ಬಾಜೂ ಮನೆಯ ಕಮಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕು, "ಅತ್ತಿ ಅನಬೇಕವ್ವ, ಅತ್ತಿ" ಎಂದು ಕಲಿಸಿ ಹೋದಳು.

ನನಗೆ ನಗೆ ಬರಲಿಲ್ಲ. ಇಷ್ಟೆಲ್ಲ ಕಲಿಸಿ ಕಡೆಗೆ ಕೇಳಿದೆ, "ಭರತೇಶ ಯಾವ ಊರಾಗ ಅದಾನ?" ಆಕೆ ಮೊರ ಕೆಳಗಿಟ್ಟು ಮತ್ತೆ ಅದೇ ಅಂಗೈ, ಅದೇ ಕೆನ್ನೆ. ಸಿಟ್ಟು ನೆತ್ತಿಗೇರಿತು. ಮಲಗಿದ್ದಾನೆ, ಗೊತ್ತಾಯಿತು, ಎಲ್ಲಿ ಎಂದು ಹೇಳಬಾರದೆ?

ಜುಲೈ ೩೦, ಗುರುವಾರ

ಇವತ್ತು ಪುಂಡಿಪಲ್ಲೆ ಬಂದಿತ್ತು. ಧುಪದಾಳದ ಕಡೆಯ ಹೆಂಗಸು ಬುಟ್ಟಿ ಇಳಿಸಿದ್ದೇ ತಡ, ಈಕೆ ಎದ್ದು ಓಡಿ ಬಂದಳು. ಒಂದು ಎಲೆ ಕಿತ್ತು ಬಾಯಿಗೆ ಹಾಕಿ ಅಗಿದು, ಹುಳಿಗೆ ಕಣ್ಣು ಕಿವುಚಿ, "ಅತ್ತಿ! ಅತ್ತಿ!" ಎಂದು ಕುಣಿದಳು. ಅವರ ದೇಶದಲ್ಲೂ ಪುಂಡಿ ಇದೆ! ಎದೆ ಮುಟ್ಟಿಕೊಂಡು, ಹೆಚ್ಚಿ, ಹುರಿದು, ಬಡಿಸುವಂತೆ ಅಭಿನಯಿಸಿ, "ಭರತೇಶ" ಎಂದಳು. ಅವನಿಗೆ ಮಾಡಿ ಹಾಕುತ್ತಿದ್ದಳಂತೆ.

ನನ್ನ ಮಗನಿಗೆ ಪುಂಡಿಪಲ್ಲೆ ಎಂದರೆ ಪ್ರಾಣ. ಅದು ಈಕೆಗೆ ಗೊತ್ತು. ನಾನು ಬರೆಯದೆ ಕೂತ ಮೂರು ವರ್ಷ ಈಕೆ ಅವನಿಗೆ ಪುಂಡಿ ಮಾಡಿ ಹಾಕಿದ್ದಾಳೆ.

ನನಗೇನಾಯಿತೋ, ಕೈ ಹಿಡಿದು ಹೊಸ್ತಿಲು ದಾಟಿಸಿದೆ. ಬಾವಿಯ ಹತ್ತಿರ ಮೀಯಿಸಿ, ನನ್ನ ಮಡಿಸೀರೆ ಉಡಿಸಿ, ಒಲೆಯ ಮುಂದೆ ಕೂಡಿಸಿದೆ. ನಮ್ಮಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲ ಎಂದು ಅವಳಿಗೆ ಹೇಳಬೇಕಾಗಲಿಲ್ಲ, ಮಗ ಮೊದಲೇ ಹೇಳಿಕೊಟ್ಟಿದ್ದಾನೆ. ಪಲ್ಲೆ ನನ್ನದಕ್ಕಿಂತ ಒಂದು ಕೈ ಮೇಲೇ ಆಗಿತ್ತು. ಬಸದಿಯ ಹಿರಿಯರು ಎರಡು ಸಲ ಹಾಕಿಸಿಕೊಂಡರು. ಪಾಯಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಆಗಸ್ಟ್ ೧೪, ಶುಕ್ರವಾರ

ಪಂಚಮಿ ಬಂತೆಂದು ಬಳೆಗಾರ ಬಂದಿದ್ದ. ಕಮಲವ್ವ ಸೇನವ್ವನನ್ನು ಎಳೆದು ಕೂಡಿಸಿ (ಓಣಿಯವರ ಬಾಯಲ್ಲಿ ಮ ಸೇನ್ ಈಗ ಸೇನವ್ವ) ಎರಡೂ ಕೈ ತುಂಬ ಹಸಿರು ಬಳೆ ಇಡಿಸಿದಳು. ನಾನು ವಿಧವೆ, ಇಂಥದಕ್ಕೆ ಕೈ ಹಾಕಬಾರದು. ದೂರ ನಿಂತು ನೋಡಿದೆ. ಕಮಲವ್ವ ಕುಂಕುಮ ಹಚ್ಚಿ, "ಮುತ್ತೈದಿಯಾಗಿ ನೂರ್ಕಾಲ ಬಾಳು" ಎಂದಳು. ಹುಡುಗಿ ಬಳೆ ಗಲಗಲ ಅನ್ನಿಸಿ ನಕ್ಕಳು, ಆಮೇಲೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಪಾಪ, ಗಂಡನ ನೆನಪಾಗಿರಬೇಕು. ಅವನು ಬಂದು ನೋಡಬೇಕು ಈ ಕೈಗಳನ್ನು.

ಆಗಸ್ಟ್ ೨೯, ಶನಿವಾರ

ಚಳವಳಿಯ ಗಲಾಟೆ. ತಂತಿ ಕಡಿದಿದ್ದಾರೆ, ಟಪಾಲು ನಾಲ್ಕು ದಿನಕ್ಕೊಮ್ಮೆ. ಕಲಕತ್ತೆಯ ನಿರಾಶ್ರಿತರ ಆಫೀಸಿಗೆ ಪಾಯಪ್ಪನಿಂದ ಇಂಗ್ಲಿಷಿನಲ್ಲಿ ಬರೆಸಿದ ಅರ್ಜಿಗೆ ಉತ್ತರವಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ಸೆಪ್ಟೆಂಬರ್ ೨೬, ಶನಿವಾರ

ದಶಲಕ್ಷಣ ಪರ್ವದಲ್ಲಿ ಏನೂ ಬರೆದಿಲ್ಲ. ನಾನು ಒಪ್ಪತ್ತು ಮಾಡಿದೆ ಎಂದು ಸೇನವ್ವನೂ ಮಾಡಿದಳು. ಬೇಡವೆಂದು ಬೈದರೆ, "ಅತ್ತಿ ಇಲ್ಲ, ನಾನೂ ಇಲ್ಲ" ಎನ್ನುತ್ತಾಳೆ. ಒಣಗಿದ ಮೈಗೆ ಈಗ ಎರಡು ಹಿಡಿ ಮಾಂಸ ಬಂದಿತ್ತು, ಮತ್ತೆ ಇಳಿಯಿತು. ನಾಳೆಯಿಂದ ಹಾಲು ಕುಡಿಸಬೇಕು.

ಕಲಕತ್ತೆಯಿಂದ ಕಾಗದ ಬಂತು. ಭರತೇಶ ಎಂಬ ಹೆಸರು ಅವರ ಯಾವ ದವಾಖಾನೆಯ ಯಾದಿಯಲ್ಲೂ ಇಲ್ಲವಂತೆ. ಪಾಯಪ್ಪ ಓದಿ ಹೇಳಿ, ಕಾಗದವನ್ನು ಮಡಿಸಿ ಮಡಿಸಿ ಬೆರಳಗಲ ಮಾಡಿದ. ನಾನು ಹೇಳಿದೆ, "ಹೆಸರು ಇಲ್ಲಂದ್ರ ಚಲೋನ ಆತಲ್ಲ. ಆರಾಮಾಗಿ ದವಾಖಾನಿ ಬಿಟ್ಟಾನ. ಹಾದ್ಯಾಗ ಇರಬೇಕು."

"ಹೌದ್ರಿ ವೈನಿ" ಎಂದ. ಅವನು ಇಷ್ಟು ಬೇಗ ನನ್ನ ಮಾತಿಗೆ ಹೌದು ಅಂದವನಲ್ಲ.

ಅಕ್ಟೋಬರ್ ೬, ಮಂಗಳವಾರ

ಹುಡುಗಿಯ ಬಾಯಿ ಚುರುಕಾಗಿದೆ. "ಅತ್ತಿ, ಸಾರು ಉಕ್ಕತೈತಿ", "ಕಟಗಿ ಹಸಿ ಐತಿ, ಹತ್ತಂಗಿಲ್ಲ" ಎಂದೆಲ್ಲ ಅನ್ನುತ್ತಾಳೆ. ಅಡಿಗೆಮನೆಯ ಮಾತಿಗೆ ಇನ್ನು ಕೊರತೆಯಿಲ್ಲ. ಬೇರೆ ಮಾತು ಕಲಿಸಲು ನನಗೆ ಪುರಸೊತ್ತೆಲ್ಲಿ? ದಸರೆ ಹತ್ತಿರ, ಪಂಕ್ತಿ ಮೇಲೆ ಪಂಕ್ತಿ.

ಮುಂಜಾನೆ ಕಟ್ಟಿಗೆಯ ರಾಶಿಯಲ್ಲಿ ಒಂದು ಅಳಿಲು ಬಿದ್ದಿತ್ತು. ಬಾಲ ಹಿಡಿದೆತ್ತಿ ತಂದು, "ಏನಂತಾರ?" ಎಂದಳು.

"ಅಳಿಲು."

ತಲೆ ಅಲ್ಲಾಡಿಸಿದಳು. ಅಳಿಲು ಎಂಬುದು ಅವಳಿಗೆ ಗೊತ್ತೇ ಇದೆ. ಅದರ ಸೆಟೆದ ಕಾಲು ಮುಟ್ಟಿ ತೋರಿಸಿ, "ಇದು. ಹಿಂಗ ಆದ್ರ ಏನಂತಾರ?" ಎಂದು ಮತ್ತೆ ಕೇಳಿದಳು.

"ಮಲಗೇತಿ. ಒಯ್ದು ಹೊರಗ ಒಗಿ. ರೊಟ್ಟಿ ಕರಕಾಗಾಕತ್ತಾವ" ಎಂದೆ. ರೊಟ್ಟಿ ಇನ್ನೂ ಹಂಚಿಗೇ ಹಾಕಿರಲಿಲ್ಲ.

ಅಕ್ಟೋಬರ್ ೨೧, ಬುಧವಾರ

ಮೂಡಲಗಿಯ ಖಂಡೆಪ್ಪ ಬಂದಿದ್ದ. ನಾನು ಕರೆಸಿದ್ದು ಮರೆತೇ ಹೋಗಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, "ಬ್ರಹ್ಮದೇಶದಿಂದ ಬಂದ ಹೆಣ್ಮಗಳು ಯಾರ್ರಿ ಅವ್ವಾರ? ಮಾತಾಡಿಸ್ತೇನಿ ಕರೀರಿ. ನನಗೂ ಆ ಮಾತ ಆಡದ ಭಾಳ ದಿನ ಆತ್ರಿ" ಎಂದ.

ಸೇನವ್ವ ಆಗ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಬಳೆಯ ಸಪ್ಪಳ ಕೇಳಿಸುತ್ತಿತ್ತು. ನಾನು ಮಧ್ಯದ ಬಾಗಿಲು ಮುಂದಕ್ಕೆ ಎಳೆದೆ. "ಆಕಿಗೆ ಮೈಯಾಗ ಆರಾಮಿಲ್ಲೋ ಯಪ್ಪಾ. ಮತ್ತೊಮ್ಮಿ ಬಾ. ಈಗ ಉಂಡ ಹೋಗು" ಎಂದು ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿಸಿದೆ. ಉಂಡು ಕೈತೊಳೆದು ಹೋದ. ಒಳ್ಳೆಯ ಮನುಷ್ಯ.

ಪಾಯಪ್ಪ ಬಂದು ನಿಂತ. "ವೈನಿ, ಮೂರ ತಿಂಗಳಿಂದ ಅವನ ಹಾದಿ ಕಾದವ್ರು ನೀವು."

"ಅಡಿಗಿಮನ್ಯಾಗ ಗಂಡಸರದೇನ ಕೆಲಸ? ಹೋಗು ಗಲ್ಲಾಕ್ಕ" ಎಂದೆ. ಅವನು ಹೋಗಲಿಲ್ಲ. ಕಣ್ಣಲ್ಲಿ ನೀರಿತ್ತು. ಒಲೆಯ ಹೊಗೆ ಇದ್ದೀತು.

ಹುಡುಗಿಗೆ ನಿಜವಾಗಿಯೂ ಸ್ವಲ್ಪ ಕೆಮ್ಮು ಇದೆ. ಸುಳ್ಳೇನೂ ಹೇಳಿಲ್ಲ.

ನವೆಂಬರ್ ೩, ಮಂಗಳವಾರ

ದೀಪಾವಳಿಯ ಕೆಲಸ. ಭರತೇಶನ ಕೋಣೆ ಸಾರಿಸಿದೆವು. ಬರೆಯಲು ಏನೂ ಇಲ್ಲ.

ನವೆಂಬರ್ ೧೦, ಮಂಗಳವಾರ

ಬರೆಯುತ್ತೇನೆ. ಬರೆದಿಡದಿದ್ದರೆ ನಾಳೆ ಇದೂ ನಡೆದೇ ಇಲ್ಲವೆಂದು ನನಗೆ ನಾನೇ ಹೇಳಿಕೊಂಡೇನು.

ಹಬ್ಬದ ಮರುದಿನ, ಊಟಕ್ಕೆ ಮಂದಿ ಕಡಿಮೆ. ಮಧ್ಯಾಹ್ನಕ್ಕೇ ಕೆಲಸ ಮುಗಿದಿತ್ತು. ನಾನು, ಸೇನವ್ವ ಒಲೆಯ ಮುಂದೆ ಕೂತು ಶೇಂಗಾ ಸುಲಿಯುತ್ತಿದ್ದೆವು. ಅವಳು ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿ, "ಅತ್ತಿ, ಕಮಲವ್ವಗ ಬಳಿ ಐತಿ. ನನಗ ಐತಿ. ನಿಮಗ ಯಾಕ ಇಲ್ಲ?" ಎಂದಳು.

ಇದಕ್ಕೇನು ಯೋಚನೆ ಮಾಡುವುದು? ಹೇಳಿದೆ: "ಗಂಡ ಇದ್ದಾಕಿ ಬಳಿ ಇಟ್ಕೋತಾಳವ್ವ. ನನ್ನ ಗಂಡ ಇಲ್ಲ."

"ಇಲ್ಲ?"

"ಇಲ್ಲ. ಹೋದ್ರು. ಒಂಬತ್ತು ವರ್ಷ ಆತು. ಗಂಡ ಹೋದ ದಿನ ಬಳಿ ತಗೀತಾರ."

ಅವಳು ಸುಲಿಯುವುದು ನಿಲ್ಲಿಸಿದಳು. ತನ್ನ ಕೈಗಳನ್ನು ಮುಂದೆ ಹಿಡಿದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಂಥ ನೋಟ ನಾನು ಕಂಡಿಲ್ಲ. ನನ್ನ ಮೇಲೆ ಅವಳಿಗೆ ಮರುಕ ಬಂದಿತ್ತು.

"ಅತ್ತಿ, ನಾ ಹೇಳಿದೆ. ಮೊದಲ ದಿನ ಹೇಳಿದೆ. ಎಲ್ಲಾ ಹೇಳಿದೆ."

"ಏನ ಹೇಳಿದಿ? ಸುಮ್ನ ಶೇಂಗಾ ಸುಲಿ."

ಅವಳು ಎದ್ದು ಎಣ್ಣೆಯ ಗಿಂಡಿ ತಂದಳು. ಕೈಗೆ ಎಣ್ಣೆ ಸವರಿಕೊಂಡು ಒಂದೊಂದೇ ಬಳೆ ಎಳೆಯತೊಡಗಿದಳು. ಎರಡು ಒಡೆದವು, ಕೈ ಕೊಯ್ದು ರಕ್ತ ಬಂತು. ನಾನು ಅವಳ ಮೇಲೆ ಬಿದ್ದು ಕೈ ಹಿಡಿದೆ. ತೆಗೆದ ಬಳೆಗಳನ್ನು ಆರಿಸಿ ಮತ್ತೆ ಅವಳ ಕೈಗೆ ಏರಿಸಲು ಹೋದೆ. ಮುಂಡೆಯ ಕೈಯಿಂದ ಬಳೆ ಏರಿಸಬಾರದು ಎಂಬ ಎಚ್ಚರವೂ ಇರಲಿಲ್ಲ. "ಹಾಕ್ಕೋ! ಹಬ್ಬದಾಗ ಕೈ ಬರಿದು ಇರಬಾರದು! ಅವ ಬಂದ್ರ ಏನಂದಾನು! ಹಾಕ್ಕೋ!"

ಅವಳು ನನ್ನನ್ನು ತಬ್ಬಿ ಕೂಡಿಸಿದಳು. ಮಗುವಿಗೆ ಹೇಳುವಂತೆ ಹೇಳಿದಳು. ಗೊತ್ತಿದ್ದದ್ದು ನಮ್ಮ ಅಡಿಗೆಮನೆಯ ಮಾತು, ಅದರಲ್ಲೇ ಹೇಳಿದಳು.

"ಗುಡ್ಡ, ಅತ್ತಿ. ಮಳಿ. ಭಾಳ ಮಂದಿ. ಅಕ್ಕಿ ತೀರಿತು. ಉಪ್ಪು ತೀರಿತು. ಅವರ ಮೈ ಹಂಚು ಆತು. ಮೂರು ದಿನ ಕುದೀತು. ನೀರ ಹಾಕಿದೆ. ಒಳಗ ನಿಲ್ಲಲಿಲ್ಲ, ಉಕ್ಕಿ ಹೊರಗ ಬಂತು. ಆಮ್ಯಾಲೆ ಉರಿ ಸಣ್ಣ ಆತು. ಇಷ್ಟು ಸಣ್ಣ. ನಾ ಊದಿದೆ. ಬಾಯಾಗ ಊದಿದೆ, ಅತ್ತಿ. ಊದಿದೆ, ಊದಿದೆ. ಹತ್ತಲಿಲ್ಲ. ಮುಂಜಾನಿ ತಣ್ಣಗ. ಕೈ ತಣ್ಣಗ, ಕಾಲು ತಣ್ಣಗ. ಎಲಿ ತಂದೆ. ಭಾಳ ಎಲಿ. ಮುಚ್ಚಿದೆ."

ಒಂದು ಮಾತೂ ತಿಳಿಯದೆ ಉಳಿಯಲಿಲ್ಲ. ಹೇಗೆ ಉಳಿದೀತು? ಒಂದೊಂದನ್ನೂ ನಾನೇ ಕಲಿಸಿದ್ದೆ, ಈ ಒಲೆಯ ಮುಂದೆಯೇ, ನನ್ನ ಬಾಯಿ ತೋರಿಸಿ.

ನಾನು ಅಳಲಿಲ್ಲ. ಬಾಯಿಗೆ ಬಂದದ್ದು ಒಂದೇ: "ಮಲಗ್ಯಾನ ಅಂದಿದ್ದಿ."

"ಇಲ್ಲ, ಅತ್ತಿ. ಮಲಗಿದವರು ಏಳ್ತಾರ. ಅವರು ಏಳಲಿಲ್ಲ." ಸೆರಗಿನಿಂದ ನನ್ನ ಮುಖ ಒರೆಸಿದಳು. ಅಳುತ್ತಿದ್ದೆನೆಂದು ಕಾಣುತ್ತದೆ. "ಅಳಿಲು ತಂದೆ. ಕೇಳಿದೆ. ನೀವು ಹೇಳಲಿಲ್ಲ. ನನಗ ಆ ಮಾತು ಇಲ್ಲ. ನಾ ಮಂದಿಗೆ ಹೆಂಗ ಹೇಳಲಿ? ಅವರ ಸಲುವಾಗಿ ದೇವರ ಮುಂದ ಹೆಂಗ ಹೇಳಲಿ? ಇದಕ್ಕ ಏನಂತಾರ, ಅತ್ತಿ?"

ಖರೆ, ನಾನು ಕಲಿಸಿರಲಿಲ್ಲ. ಬೇಕಂತಲೇ ಕಲಿಸಿರಲಿಲ್ಲ. ಈ ಊರಿನಲ್ಲಿ ಅವಳಿಗೆ ಆ ಮಾತು ಬರದಷ್ಟು ದಿನ ನನ್ನ ಮಗ ಹಾದಿಯಲ್ಲಿ ನಡೆಯುತ್ತಿದ್ದ. ನಾಲ್ಕು ತಿಂಗಳು ನಡೆಸಿದೆ ಅವನನ್ನು. ಆ ನಾಲ್ಕು ತಿಂಗಳು ಈ ಹುಡುಗಿ ಗಂಡನನ್ನು ಒಬ್ಬಳೇ ಎದೆಯಲ್ಲಿಟ್ಟುಕೊಂಡು ನನ್ನ ಒಲೆ ಊದಿದಳು, ನಾನು ಅವಳಿಗೆ ಗಟ್ಟಿಯಾಗಿ ಅಳಲೂ ಬಿಡಲಿಲ್ಲ.

ಹೇಳಿಕೊಟ್ಟೆ. ಅವಳು ನನ್ನ ತುಟಿಯನ್ನೇ ನೋಡುತ್ತ ಕಾದಳು.

"ಸತ್ತ," ಎಂದೆ. "ಭರತೇಶ ಸತ್ತ. ಹಂಗಂತಾರವ್ವ."

ಅವಳಿಗೆ ಅದು ಬೇಗ ಬರಲಿಲ್ಲ. ಕೊನೆಯ ಅಕ್ಷರ ನುಂಗುತ್ತಿದ್ದಳು. ಎಲ್ಲ ಮಾತಿನಂತೆ ಇದನ್ನೂ ಮತ್ತೆ ಮತ್ತೆ ಅಂದಳು, ಸರಿಯಾಗುವ ತನಕ ನಾನೇ ತಿದ್ದಿದೆ.